ಅಂತಿಯೋಕ್ಯದ ಪಂಕ್ತಿಭೇದ

ಪುಣೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಒಂದು ಟೇಬಲ್ಲು ಹೆಚ್ಚುಕಡಿಮೆ 11 ವರ್ಷ ನಮ್ಮ ನಾಲ್ವರದೇ ಆಗಿತ್ತು. ಧಾರವಾಡದವನಾದ ನಾನು, ಸಾತಾರಾ ಕಡೆಯ ಒಬ್ಬ ಮರಾಠಿ ಗೆಳೆಯ, ವಸಯಿಯ ಒಬ್ಬ ಕ್ರೈಸ್ತ, ಮತ್ತೆ ಅಲಿಬಾಗ್ ಕಡೆಯ ಬೆನೆ ಇಸ್ರೇಲ್ ಮನೆತನದ ಒಬ್ಬ ಯೆಹೂದಿ. ಮನೆಯಲ್ಲಿ ಮರಾಠಿಯನ್ನೇ ಆಡುವ ಯೆಹೂದಿಗಳು ಕೊಂಕಣದಲ್ಲಿ ಇದ್ದಾರೆ ಎಂಬುದು ಪುಣೆಗೆ ಬರುವವರೆಗೆ ನನಗೆ ಗೊತ್ತೇ ಇರಲಿಲ್ಲ. ಕ್ಯಾಂಪ್ ಕಡೆ ಹೋದಾಗಲೆಲ್ಲ ಕಾಣುತ್ತಿದ್ದ ಕೆಂಪು ಗೋಪುರದ ಲಾಲ್ ದೇವಳವನ್ನೂ ಚರ್ಚ್ ಎಂದೇ ತಿಳಿದಿದ್ದೆ. ಅದು 1867ರಲ್ಲಿ ಕಟ್ಟಿ ಮುಗಿದ ಓಹೆಲ್ ಡೇವಿಡ್ ಸಿನಗಾಗ್, ಯೆಹೂದಿಗಳ ಪ್ರಾರ್ಥನಾಮಂದಿರ ಎಂದು ತಿಳಿಸಿದವನು ಇದೇ ಗೆಳೆಯ.

ಡಬ್ಬಿ ಬಿಚ್ಚಿದರೆ ನಾಲ್ಕು ಮನೆಗಳ ಅಡುಗೆ. ನನ್ನದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ವಸಯಿಯವನ ಡಬ್ಬಿಯಲ್ಲಿ ಸಿಗಡಿ ಇರಬಹುದು, ಹಬ್ಬದ ಮರುದಿನವಾದರೆ ಹಂದಿಮಾಂಸವೂ ಇರಬಹುದು. ಯೆಹೂದಿ ಗೆಳೆಯ ಎರಡನ್ನೂ ಮುಟ್ಟುವುದಿಲ್ಲ. ರೆಕ್ಕೆ, ಪೊರೆ ಎರಡೂ ಇರುವ ಮೀನಾದರೆ ಮಾತ್ರ ಸರಿ. ಕೋಳಿ ತಂದ ದಿನ ಮೊಸರಿನ ಕಡೆ ಅವನ ಕೈ ಹೋಗುವುದಿಲ್ಲ. ಒಂದು ಮಧ್ಯಾಹ್ನ ಸಾತಾರಾದವನು ಕೇಳಿಯೇ ಬಿಟ್ಟ. ಮೋಶೆಯ ಪುಸ್ತಕ ನಿಮ್ಮಿಬ್ಬರಿಗೂ ಒಂದೇ ಅಲ್ಲವೇ, ಹಾಗಿದ್ದರೆ ಇವನಿಗೆ ನಡೆಯುವುದು ಅವನಿಗೇಕೆ ನಡೆಯುವುದಿಲ್ಲ ಎಂದ. ವಸಯಿಯವನು ನಕ್ಕು, ಅದೆಲ್ಲ ಎಂದೋ ತೀರ್ಮಾನವಾದ ವಿಷಯ ಎಂದ. ಯಾರು ತೀರ್ಮಾನ ಮಾಡಿದರು, ಯಾವಾಗ ಎಂದರೆ ಅವನಿಗೂ ಗೊತ್ತಿರಲಿಲ್ಲ.

ಧಾರವಾಡದಲ್ಲಿ ನಾನು ಕಲಿತದ್ದು ಮಿಶನ್ ಶಾಲೆಯಲ್ಲಿ. ವಾರಕ್ಕೊಂದು ಪೀರಿಯಡ್ ಬೈಬಲ್ ಕಥೆ ಇರುತ್ತಿತ್ತು. ಅಲ್ಲಿ ಕೇಳಿದ್ದ ಪೌಲನೆಂಬ ಹೆಸರು, ಕುದುರೆಯಿಂದ ಬಿದ್ದವನು ಎಂಬಷ್ಟು ಮಾತ್ರ ನೆನಪಿತ್ತು. ಬೈಬಲ್‌ನಲ್ಲಿ ಆ ಕುದುರೆಯ ಸುದ್ದಿಯೇ ಇಲ್ಲ, ಅದು ಚಿತ್ರಕಾರರು ಸೇರಿಸಿದ್ದು ಎಂದು ಆಮೇಲೆ ತಿಳಿಯಿತು. ಗೆಳೆಯನ ಪ್ರಶ್ನೆಯ ಬೆನ್ನು ಹತ್ತಿ ಓದುತ್ತ ಹೋದಾಗ ದಾರಿಯೆಲ್ಲ ಹೋಗಿ ಸೇರಿದ್ದು ಈ ಪೌಲನ ಹತ್ತಿರವೇ. ಆತನ ಬದುಕನ್ನು ತಿಳಿಯದೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಪೌಲ ಹುಟ್ಟಿದ್ದು ಇಂದಿನ ಟರ್ಕಿಯ ದಕ್ಷಿಣಕ್ಕಿರುವ ತಾರ್ಸ ಪಟ್ಟಣದಲ್ಲಿ, ಕ್ರಿಸ್ತಶಕದ ಆರಂಭದ ವರ್ಷಗಳಲ್ಲಿ. ಅಂದರೆ ಆತ ಹೊರನಾಡ ಯೆಹೂದಿ. ಸುತ್ತಲೂ ಗ್ರೀಕ್ ಮಾತು, ಗ್ರೀಕ್ ದೇವರುಗಳು, ಮೇಲೆ ರೋಮಿನ ಆಳ್ವಿಕೆ. ತನ್ನ ಜನರ ಪವಿತ್ರ ಗ್ರಂಥವನ್ನು ಆತ ಗ್ರೀಕ್ ಅನುವಾದದಲ್ಲೂ ಚೆನ್ನಾಗಿ ಬಲ್ಲವನಾಗಿದ್ದ. ಹೆಸರೂ ಎರಡು. ತನ್ನವರ ನಡುವೆ ಸೌಲ, ಅದು ಆತನ ಬೆನ್ಯಾಮೀನ ಕುಲದಿಂದ ಬಂದ ಹಳೆಯ ಅರಸನ ಹೆಸರು. ಹೊರಗಿನವರ ನಡುವೆ ಪೌಲ. ಕ್ರಿಸ್ತನನ್ನು ನಂಬಿದ ಮೇಲೆ ಹೆಸರು ಬದಲಿಸಿಕೊಂಡ ಎಂದು ಹಲವರು ತಿಳಿದಿದ್ದಾರೆ, ಹಾಗೇನಿಲ್ಲ. ಮನೆಯಲ್ಲೊಂದು, ಊರಲ್ಲೊಂದು ಹೆಸರಿನಿಂದ ಬದುಕುವುದು ಹೊರನಾಡಿಗರಿಗೆ ಹೊಸದಲ್ಲ. ಗುಡಾರ ಮಾಡುವುದು ಆತನ ಕಸುಬು. ಆ ಕಸುಬು ಕೊನೆಯವರೆಗೂ ಆತನ ಹೊಟ್ಟೆ ಹೊರೆಯಿತು.

ಪರವೂರಲ್ಲಿರುವವರು ತವರಿನ ಆಚಾರವನ್ನು ತವರಿನವರಿಗಿಂತ ಗಟ್ಟಿಯಾಗಿ ಹಿಡಿಯುವುದನ್ನು ನಾವು ಬಲ್ಲೆವು. ಪೌಲನೂ ಹಾಗೆಯೇ. ಹುಟ್ಟಿದ ಎಂಟನೆಯ ದಿನ ಸುನ್ನತಿಯಾದವನು. ಯೆರೂಸಲೇಮಿಗೆ ಬಂದು ಗಮಲಿಯೇಲನೆಂಬ ದೊಡ್ಡ ಗುರುವಿನ ಹತ್ತಿರ ಕಲಿತ. ಫರಿಸಾಯರ ಪಂಗಡಕ್ಕೆ ಸೇರಿದ. ದೇವಾಲಯದ ಯಾಜಕರು ಪಾಲಿಸುವ ಶುದ್ಧಿಯನ್ನು ಸಾಮಾನ್ಯರ ಮನೆಯ ಊಟದ ಸ್ಥಳಕ್ಕೂ ತರಬೇಕೆಂದು ಬಯಸಿದ ಪಂಗಡವದು. ಪಿತೃಗಳ ಸಂಪ್ರದಾಯದಲ್ಲಿ ತನ್ನ ಓರಗೆಯವರನ್ನೆಲ್ಲ ಮೀರಿಸಿದ್ದೆ ಎಂದು ಆತನೇ ಮುಂದೆ ಬರೆದುಕೊಂಡಿದ್ದಾನೆ.

ಇಲ್ಲಿ ಒಂದು ಶಬ್ದದ ಬಗ್ಗೆ ಹೇಳಬೇಕು. ಹೀಬ್ರೂವಿನ ತೋರಾ ಎಂಬ ಮಾತಿಗೆ ಮೂಲ ಅರ್ಥ ಬೋಧನೆ, ದಾರಿ ತೋರುವಿಕೆ. ಗ್ರೀಕಿಗೆ ಹೋದಾಗ ಅದು ಕಾನೂನು ಎಂಬ ಅರ್ಥದ ನೋಮೋಸ್ ಆಯಿತು. ಕನ್ನಡ ಬೈಬಲ್‌ಗೆ ಬಂದಾಗ ಧರ್ಮಶಾಸ್ತ್ರವಾಯಿತು. ಧರ್ಮಶಾಸ್ತ್ರ ಎಂದೊಡನೆ ನಮ್ಮ ಕಿವಿಗೆ ಮನುವಿನ ಹೆಸರು ಕೇಳಿಸುತ್ತದೆ, ಮಡಿ ಮೈಲಿಗೆ ನೆನಪಾಗುತ್ತದೆ. ಯೆಹೂದಿಗಳಿಗೆ ಅದು ಹೊರೆಯಲ್ಲ, ದೇವರು ತಮ್ಮೊಂದಿಗೆ ಮಾಡಿಕೊಂಡ ಒಡಂಬಡಿಕೆಯ ಗುರುತು. ಅವರ ಪರಂಪರೆ ಅದರಲ್ಲಿ 613 ವಿಧಿನಿಷೇಧಗಳನ್ನು ಎಣಿಸುತ್ತದೆ. ಅವುಗಳಲ್ಲಿ ಹೊರಗಿನವರಿಗೆ ಕಾಣುವಂಥವು ಮೂರು: ಸುನ್ನತಿ, ವಾರದ ಏಳನೆಯ ದಿನದ ಸಬ್ಬತ್ ವಿಶ್ರಾಂತಿ, ಊಟದ ನಿಯಮ.

ಈ ಮೂರಕ್ಕಾಗಿ ಅವರು ಪ್ರಾಣ ಕೊಟ್ಟಿದ್ದರು. ಕ್ರಿ.ಪೂ. 167ರ ಸುಮಾರಿಗೆ ಅಂತಿಯೋಕಸನೆಂಬ ಗ್ರೀಕ್ ಅರಸ ಸುನ್ನತಿಯನ್ನೂ ಸಬ್ಬತ್ತನ್ನೂ ನಿಷೇಧಿಸಿದಾಗ, ಹಂದಿಮಾಂಸ ಬಾಯಿಗಿಡುವ ಬದಲು ಸತ್ತವರ ಕಥೆಗಳು ಪೌಲನ ಕಾಲದ ಪ್ರತಿ ಯೆಹೂದಿ ಮಗುವಿಗೂ ಗೊತ್ತಿದ್ದವು. ಇದನ್ನು ಮರೆತರೆ ಮುಂದಿನ ಜಗಳದಲ್ಲಿ ಒಂದು ಪಕ್ಷದವರು ಸುಮ್ಮನೆ ಹಟಮಾರಿಗಳಂತೆ ಕಾಣುತ್ತಾರೆ. ಅವರು ಹಾಗಿರಲಿಲ್ಲ.

ಶಿಲುಬೆಗೇರಿದ ಒಬ್ಬನನ್ನು ಮೆಸ್ಸೀಯ ಎಂದು ಸಾರುತ್ತಿದ್ದ ಚಿಕ್ಕ ಗುಂಪು ಯೆರೂಸಲೇಮಿನಲ್ಲಿ ಹುಟ್ಟಿದಾಗ ಪೌಲ ಅದರ ವೈರಿಯಾದ. ಆ ಗುಂಪಿನ ಸ್ತೆಫನನನ್ನು ಕಲ್ಲೆಸೆದು ಕೊಂದಾಗ, ಕಲ್ಲೆಸೆಯುವವರ ಮೇಲಂಗಿಗಳನ್ನು ಕಾದು ನಿಂತ ಯುವಕ ಇವನೇ. ಮುಂದೆ ಅಂಥವರನ್ನು ಹಿಡಿದು ತರಲೆಂದು ದಮಸ್ಕಕ್ಕೆ ಹೊರಟ. ದಾರಿಯಲ್ಲಿ ಏನಾಯಿತೆಂಬುದನ್ನು ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕ ಬೆಳಕು, ಧ್ವನಿ, ಮೂರು ದಿನದ ಕುರುಡುತನದೊಂದಿಗೆ ವಿವರಿಸುತ್ತದೆ. ಪೌಲ ಮಾತ್ರ ತನ್ನ ಕಾಗದಗಳಲ್ಲಿ ಹೆಚ್ಚು ಬಣ್ಣ ಹಚ್ಚುವುದಿಲ್ಲ. ದೇವರು ತನಗೆ ಮಗನನ್ನು ತೋರಿಸಿದ, ಅನ್ಯಜನರ ಬಳಿಗೆ ಹೋಗಲು ಹೇಳಿದ ಎನ್ನುವಷ್ಟೇ. ಇದು ನಡೆದದ್ದು ಕ್ರಿ.ಶ. 33ರಿಂದ 36ರ ನಡುವೆ ಎಂದು ವಿದ್ವಾಂಸರ ಲೆಕ್ಕ.

ಅನ್ಯಜನರು ಎಂದರೆ ಯೆಹೂದಿಗಳಲ್ಲದ ಉಳಿದ ಲೋಕವೆಲ್ಲ. ಪೌಲನ ಬದುಕಿನ ಇಡೀ ಜಟಿಲತೆ ಆ ಒಂದು ಶಬ್ದದಲ್ಲಿದೆ. ಆತ ಆ ಕ್ಷಣಕ್ಕೆ ಯೆಹೂದಿ ಧರ್ಮ ಬಿಟ್ಟು ಕ್ರೈಸ್ತ ಧರ್ಮ ಸೇರಲಿಲ್ಲ. ಸೇರಲು ಅಂಥದ್ದೊಂದು ಬೇರೆ ಧರ್ಮವೇ ಆಗ ಇರಲಿಲ್ಲ. ಯೇಸು ಯೆಹೂದಿ, ಆತನ ಶಿಷ್ಯರೆಲ್ಲ ಯೆಹೂದಿಗಳು, ಅವರು ದೇವಾಲಯಕ್ಕೆ ಹೋಗುತ್ತಿದ್ದರು, ಮೋಶೆಯ ನಿಯಮದಂತೆಯೇ ಉಣ್ಣುತ್ತಿದ್ದರು. ಈಗ ಹೊರಗಿನವರು ಬಾಗಿಲಿಗೆ ಬಂದರೆ ಒಳಗೆ ಕರೆದುಕೊಳ್ಳುವುದು ಹೇಗೆ ಎಂಬುದೇ ಪ್ರಶ್ನೆ. ಮೊದಲು ಯೆಹೂದಿಗಳಾಗಲಿ, ಆಮೇಲೆ ಕೂರಲಿ ಎನ್ನಬೇಕೇ? ಬಂದಂತೆಯೇ ಬಂದು ಕೂರಲಿ ಎನ್ನಬೇಕೇ?

ಪೌಲ ಮೊದಲು ಅರೇಬಿಯಾಕ್ಕೆ ಹೋದ, ದಮಸ್ಕಕ್ಕೆ ಮರಳಿದ, ಅಲ್ಲಿಂದ ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡ. ಮೂರು ವರ್ಷದ ಮೇಲೆ ಯೆರೂಸಲೇಮಿಗೆ ಹೋಗಿ ಯೇಸುವಿನ ಹಿರಿಯ ಶಿಷ್ಯ ಪೇತ್ರನ ಮನೆಯಲ್ಲಿ 15 ದಿನ ಇದ್ದ. ಯೇಸುವಿನ ತಮ್ಮ ಯಾಕೋಬನನ್ನೂ ಕಂಡ. ಆಮೇಲೆ ಬಾರ್ನಬನೆಂಬ ಸಜ್ಜನ ಆತನನ್ನು ತಾರ್ಸದಿಂದ ಹುಡುಕಿ ತಂದು ಅಂತಿಯೋಕ್ಯದಲ್ಲಿ ಕೆಲಸಕ್ಕೆ ಹಚ್ಚಿದ. ರೋಮ್, ಅಲೆಕ್ಸಾಂಡ್ರಿಯಾ ಬಿಟ್ಟರೆ ಸಾಮ್ರಾಜ್ಯದ ಮೂರನೆಯ ದೊಡ್ಡ ನಗರವದು. ಇಂದಿನ ಟರ್ಕಿಯ ಅಂತಾಕ್ಯ. ಎಲ್ಲ ಊರಿನವರೂ ಹೊಟ್ಟೆಪಾಡಿಗೆ ಬಂದು ಸೇರಿದ್ದ ಊರು. ಅಲ್ಲಿಯೇ ಮೊದಲ ಸಲ ಯೆಹೂದಿ ನಂಬಿಗಸ್ತರೂ ಗ್ರೀಕ್ ನಂಬಿಗಸ್ತರೂ ಒಟ್ಟಿಗೆ ಕೂತು ಉಂಡರು. ಕ್ರೈಸ್ತರು ಎಂಬ ಹೆಸರು ಹುಟ್ಟಿದ್ದೂ ಅದೇ ಊರಿನಲ್ಲಿ. ಆ ಗುಂಪಿಗೆ ಒಟ್ಟಿಗೆ ಉಣ್ಣುವುದೆಂದರೆ ಬರೀ ಊಟವಲ್ಲ, ಯೇಸುವಿನ ಕೊನೆಯ ಭೋಜನದ ನೆನಪಿನ ಆರಾಧನೆಯೂ ಹೌದು. ಆ ಪಂಕ್ತಿ ಒಡೆದರೆ ಆರಾಧನೆಯೇ ಒಡೆದಂತೆ.

ಸುದ್ದಿ ಯೆರೂಸಲೇಮಿಗೆ ಮುಟ್ಟಿತು. ಸುನ್ನತಿಯಿಲ್ಲದೆ ರಕ್ಷಣೆಯಿಲ್ಲ ಎಂದು ಕೆಲವರು ಅಂತಿಯೋಕ್ಯಕ್ಕೇ ಬಂದು ಬೋಧಿಸಿದರು. ಇತ್ಯರ್ಥಕ್ಕಾಗಿ ಕ್ರಿ.ಶ. 48-49ರ ಸುಮಾರಿಗೆ ಪೌಲ, ಬಾರ್ನಬ ಇಬ್ಬರೂ ಯೆರೂಸಲೇಮಿಗೆ ಹೋದರು. ಜೊತೆಗೆ ತೀತನೆಂಬ ಗ್ರೀಕ್ ಯುವಕ, ಸುನ್ನತಿಯಾಗದವನು. ವಾದ ಬಹಳ ನಡೆದಿರಬೇಕು. ಕೊನೆಗೆ ಯಾಕೋಬ, ಪೇತ್ರ, ಯೋಹಾನ ಮೂವರು ಹಿರಿಯರು ಪೌಲನಿಗೆ ಬಲಗೈ ಕೊಟ್ಟರು. ತೀತನಿಗೆ ಸುನ್ನತಿಯ ಒತ್ತಾಯವಾಗಲಿಲ್ಲ. ಬಡವರನ್ನು ಮರೆಯಬೇಡ ಎಂಬುದಷ್ಟೇ ಹಿರಿಯರ ಕೋರಿಕೆ ಎಂದು ಪೌಲ ಬರೆಯುತ್ತಾನೆ. ಕೃತ್ಯಗಳ ಪುಸ್ತಕದ ಪ್ರಕಾರ ನಾಲ್ಕು ನಿಯಮಗಳನ್ನು ಮಾತ್ರ ಅನ್ಯಜನರಿಗೆ ಹೇಳಲಾಯಿತು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ವ್ಯಭಿಚಾರ, ಇವನ್ನು ಬಿಡಬೇಕು. ನಮ್ಮ ವಸಯಿಯ ಗೆಳೆಯ ಹೇಳಿದ ಆ ತೀರ್ಮಾನ ಇದು.

ಆದರೆ ಕಾಗದದ ಮೇಲಿನ ತೀರ್ಮಾನ ಊಟದ ಮನೆಯಲ್ಲಿ ನಿಲ್ಲುವುದು ಬೇರೆ ಮಾತು. ಪೇತ್ರ ಅಂತಿಯೋಕ್ಯಕ್ಕೆ ಬಂದ. ಮೊದಮೊದಲು ಅನ್ಯಜನರ ಜೊತೆ ಸಂತೋಷವಾಗಿ ಕೂತು ಉಂಡ. ಅಷ್ಟರಲ್ಲಿ ಯಾಕೋಬನ ಕಡೆಯವರು ಯೆರೂಸಲೇಮಿನಿಂದ ಬಂದರು. ಬಂದೊಡನೆ ಪೇತ್ರ ಮೆಲ್ಲಗೆ ಹಿಂದೆ ಸರಿದ, ಬೇರೆ ಕೂತ. ಅವನನ್ನು ನೋಡಿ ಉಳಿದ ಯೆಹೂದಿಗಳೂ ಎದ್ದರು. ಕೊನೆಗೆ ಬಾರ್ನಬ, ಪೌಲನನ್ನು ಕೈ ಹಿಡಿದು ತಂದ ಅದೇ ಬಾರ್ನಬ, ಅವನೂ ಎದ್ದ. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ನೀನೇ ಇವರಂತೆ ಬದುಕುತ್ತಿದ್ದವನು, ಈಗ ಇವರು ನಿನ್ನಂತಾಗಬೇಕೆಂದು ಹೇಗೆ ಬಲವಂತ ಮಾಡುತ್ತೀ ಎಂಬುದು ಆತನ ಪ್ರಶ್ನೆಯ ಸಾರ.

ಈ ಭಾಗವನ್ನು ಮೊದಲ ಸಲ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟೆ. ಕಾರಣ ಹೇಳುತ್ತೇನೆ. ಪುಣೆಯಲ್ಲಿ ಫ್ಲ್ಯಾಟ್ ಕೊಂಡ ವರ್ಷ ಗೃಹಪ್ರವೇಶಕ್ಕೆ ಧಾರವಾಡದಿಂದ ಅಪ್ಪ, ಅವ್ವ, ಕಾಕಾ, ಮತ್ತೆ ಹಿರಿಯರೊಂದಿಬ್ಬರು ಬಂದಿದ್ದರು. ನಮ್ಮದು ಮಡಿ ಬಲವಾಗಿದ್ದ ಮನೆತನ. ಅಪ್ಪ ಪರರ ಮನೆಯಲ್ಲಿ ನೀರು ಕುಡಿಯಲೂ ಯೋಚಿಸುವವರು. ಹನ್ನೊಂದು ವರ್ಷ ದಿನಾ ಒಂದೇ ಟೇಬಲ್ಲಿಗೆ ಕೂತು ಉಂಡ ಮೂವರಲ್ಲಿ ಸಾತಾರಾದವನನ್ನು ಶನಿವಾರದ ಊಟಕ್ಕೆ ಕರೆದೆ. ಉಳಿದಿಬ್ಬರಿಗೆ, ಶನಿವಾರ ನೂಕುನುಗ್ಗಲು, ಭಾನುವಾರ ಸಾವಕಾಶ ಬನ್ನಿ ಎಂದೆ. ಅಪ್ಪ ಏನೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಊರಿನವರು ಬರುತ್ತಾರೆ ಎಂಬ ಒಂದೇ ಕಾರಣಕ್ಕೆ ನಾನಾಗಿಯೇ ಪಂಕ್ತಿ ಎರಡು ಮಾಡಿದ್ದೆ. ಯೆಹೂದಿ ಗೆಳೆಯನಿಗೆ ಶನಿವಾರ ಸಬ್ಬತ್ತಲ್ಲವೇ, ಅವನಿಗೂ ಅನುಕೂಲವೇ ಆಯಿತಲ್ಲ ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡಿದ್ದೆ. ಅಂತಿಯೋಕ್ಯದ ಪೇತ್ರನೂ ಇಂಥದ್ದೇ ಏನನ್ನೋ ಹೇಳಿಕೊಂಡಿರಬೇಕು.

ಅಂತಿಯೋಕ್ಯದ ಆ ಜಗಳದಲ್ಲಿ ಗೆದ್ದವರು ಯಾರು? ಪೌಲ ಅದನ್ನು ಬರೆದಿಲ್ಲ. ಗೆದ್ದಿದ್ದರೆ ಬರೆಯದೆ ಬಿಡುತ್ತಿರಲಿಲ್ಲ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಬಾರ್ನಬನ ಜೊತೆಗಿನ ಸಹವಾಸ ಅಲ್ಲಿಂದಾಚೆ ಮುರಿಯಿತು. ಪೌಲ ಬೇರೆ ಸಂಗಡಿಗರೊಂದಿಗೆ ಪಶ್ಚಿಮಕ್ಕೆ ನಡೆದ.

ಆತ ಕಟ್ಟಿದ್ದ ಗಲಾತ್ಯದ ಸಭೆಗಳಿಗೂ ಸುನ್ನತಿಯ ಬೋಧಕರು ಬಂದಾಗ ಪೌಲ ಬರೆದ ಕಾಗದ ಇಂದಿಗೂ ಇದೆ. ಉಳಿದ ಕಾಗದಗಳ ಆರಂಭದಲ್ಲಿ ಆತ ದೇವರಿಗೆ ಕೃತಜ್ಞತೆ ಹೇಳುತ್ತಾನೆ, ಇದರಲ್ಲಿ ಅದೂ ಇಲ್ಲ, ಅಷ್ಟು ಸಿಟ್ಟು. ಕೊನೆಯಲ್ಲಿ ಲೇಖನಿ ತಾನೇ ತೆಗೆದುಕೊಂಡು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಾನೆ. ವಾದ ಮಾತ್ರ ನುರಿತ ವಕೀಲನದು. ಯೆಹೂದಿಗಳ ಮೂಲಪುರುಷ ಅಬ್ರಹಾಮ ದೇವರನ್ನು ನಂಬಿದ, ಆ ನಂಬಿಕೆಯನ್ನೇ ದೇವರು ನೀತಿಯೆಂದು ಎಣಿಸಿದ. ಮೋಶೆಯ ಧರ್ಮಶಾಸ್ತ್ರ ಬಂದದ್ದು ಅದಾಗಿ 430 ವರ್ಷದ ಮೇಲೆ. ಆಮೇಲೆ ಬಂದದ್ದು ಮೊದಲಿನ ವಾಗ್ದಾನವನ್ನು ರದ್ದು ಮಾಡಲಾರದು. ಹಾಗಾದರೆ ಧರ್ಮಶಾಸ್ತ್ರ ಏಕೆ ಬಂತು? ಮಕ್ಕಳನ್ನು ಶಾಲೆಗೆ ಕರೆದೊಯ್ದು ಕಾಯುವ ಆಳಿನಂತೆ, ಮಗು ದೊಡ್ಡವನಾಗುವವರೆಗೆ ಎಂಬುದು ಆತನ ಉತ್ತರ. ಸುನ್ನತಿಯಾಗಿದ್ದೂ ಲೆಕ್ಕವಿಲ್ಲ, ಆಗದಿದ್ದೂ ಲೆಕ್ಕವಿಲ್ಲ, ಪ್ರೀತಿಯಾಗಿ ಕೆಲಸ ಮಾಡುವ ನಂಬಿಕೆಯೇ ಲೆಕ್ಕ ಎಂಬ ನಿಲುವಿಗೆ ಅಲ್ಲಿ ಬರುತ್ತಾನೆ.

ಇಷ್ಟನ್ನೇ ಓದಿದರೆ ಪೌಲ ತನ್ನವರ ಶಾಸ್ತ್ರವನ್ನೆಲ್ಲ ಗಾಳಿಗೆ ತೂರಿದ ಎನಿಸುತ್ತದೆ. ಆತನ ನಡತೆ ನೋಡಿದರೆ ಹಾಗೆ ಕಾಣುವುದಿಲ್ಲ. ತೀತ ಗ್ರೀಕನಾದ್ದರಿಂದ ಅವನ ಸುನ್ನತಿಗೆ ಒಪ್ಪಲಿಲ್ಲ. ಅದೇ ಲುಸ್ತ್ರದ ತಿಮೊಥೆಯನ ತಾಯಿ ಯೆಹೂದಿ, ತಂದೆ ಗ್ರೀಕ. ಅವನಿಗೆ ಪೌಲನೇ ಮುಂದೆ ನಿಂತು ಸುನ್ನತಿ ಮಾಡಿಸಿದನೆಂದು ಕೃತ್ಯಗಳ ಪುಸ್ತಕ ಹೇಳುತ್ತದೆ. ಇದು ವಿರೋಧಾಭಾಸದಂತೆ ಕಂಡರೂ ಒಳಗೊಂದು ಸೂತ್ರವಿದೆ. ಯಾರನ್ನು ದೇವರು ಹೇಗೆ ಕರೆದನೋ ಅವರು ಹಾಗೆಯೇ ಇರಲಿ ಎಂಬುದು ಆತ ತನ್ನ ಎಲ್ಲ ಸಭೆಗಳಿಗೆ ಹಾಕಿಕೊಟ್ಟ ಕಟ್ಟಳೆ. ಯೆಹೂದಿ ಯೆಹೂದಿಯಾಗಿರಲಿ, ಗ್ರೀಕ ಗ್ರೀಕನಾಗಿರಲಿ. ಒಬ್ಬನು ಇನ್ನೊಬ್ಬನಾದ ಮೇಲಷ್ಟೇ ಪಂಕ್ತಿ ಎನ್ನುವುದು ಬೇಡ.

ಕೊರಿಂಥದಲ್ಲಿ ಈ ಸೂತ್ರ ಇನ್ನೊಂದು ರೀತಿಯ ಪರೀಕ್ಷೆಗೆ ಬಂತು. ಪೌಲ ಅಲ್ಲಿ ಒಂದೂವರೆ ವರ್ಷ ಇದ್ದ. ರೋಮಿನಿಂದ ಹೊರದೂಡಲ್ಪಟ್ಟು ಬಂದಿದ್ದ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಯೆಹೂದಿ ದಂಪತಿಯ ಜೊತೆ ಗುಡಾರ ಹೊಲಿಯುತ್ತಿದ್ದ. ಗಲ್ಲಿಯೋ ಎಂಬ ರೋಮನ್ ಅಧಿಕಾರಿಯ ಎದುರು ಆತನನ್ನು ನಿಲ್ಲಿಸಿದ್ದೂ ಅಲ್ಲಿಯೇ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕಿದ ಶಾಸನದಿಂದ ಗಲ್ಲಿಯೋನ ಅಧಿಕಾರದ ಕಾಲ ಕ್ರಿ.ಶ. 51ರ ಸುಮಾರು ಎಂದು ತಿಳಿದಿದೆ. ಪೌಲನ ಬದುಕಿನ ಉಳಿದ ತಾರೀಖುಗಳನ್ನೆಲ್ಲ ಬಹುಮಟ್ಟಿಗೆ ಈ ಒಂದು ಗೂಟಕ್ಕೆ ಕಟ್ಟಿ ಎಣಿಸುತ್ತಾರೆ.

ಕೊರಿಂಥದ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಮಾಂಸದಲ್ಲಿ ಎಷ್ಟೋ ಭಾಗ ಗುಡಿಗಳಲ್ಲಿ ಬಲಿಕೊಟ್ಟದ್ದು. ತಿನ್ನಬಹುದೇ ಎಂದು ಅಲ್ಲಿನವರು ಕೇಳಿದರು. ಪೌಲನ ಉತ್ತರ ಎರಡು ಹಂತದ್ದು. ಮಾರುಕಟ್ಟೆಯ ಮಾಂಸವನ್ನು ವಿಚಾರಿಸದೆ ತಿನ್ನಿ, ವಿಗ್ರಹ ಎಂಬುದೇ ಇಲ್ಲದ ಮೇಲೆ ಮಾಂಸಕ್ಕೆ ದೋಷವೆಲ್ಲಿಯದು. ಆದರೆ ನೀನು ತಿನ್ನುವುದನ್ನು ಕಂಡು ಎದುರಿನ ಸೋದರನ ಮನಸ್ಸು ಮುರಿಯುವುದಾದರೆ ತಿನ್ನಬೇಡ. ತನ್ನ ಮಟ್ಟಿಗೆ, ಅಂಥ ಪ್ರಸಂಗ ಬಂದರೆ ಜನ್ಮದಲ್ಲಿ ಮಾಂಸವನ್ನೇ ಮುಟ್ಟುವುದಿಲ್ಲ ಎಂದು ಆತ ಬರೆಯುತ್ತಾನೆ. ಗಲಾತ್ಯದವರಿಗೆ ಸಿಟ್ಟಿನಿಂದ ಬರೆದವನೂ ಇವನೇ, ಇಲ್ಲಿ ಬಾಗುವವನೂ ಇವನೇ. ಬಲವಂತವಿದ್ದಲ್ಲಿ ಆತ ಸೆಟೆದು ನಿಲ್ಲುತ್ತಾನೆ, ಇನ್ನೊಬ್ಬರ ಅಂಜಿಕೆ ಇದ್ದಲ್ಲಿ ಬಗ್ಗುತ್ತಾನೆ.

ತನ್ನ ಕಷ್ಟಗಳ ಪಟ್ಟಿ ಕೊಡುವಾಗ ಪೌಲ ಒಂದು ಮಾತನ್ನು ಸುಮ್ಮನೆ ಹೇಳಿ ಮುಂದೆ ಹೋಗುತ್ತಾನೆ. ಯೆಹೂದಿಗಳಿಂದ ಐದು ಸಲ, ಸಲಕ್ಕೆ ಒಂದು ಕಡಿಮೆ ನಲವತ್ತು ಏಟು ತಿಂದೆ ಎಂದು. ಶಾಸ್ತ್ರದಲ್ಲಿ 40 ಏಟು ಮೀರಬಾರದೆಂದಿದೆ, ಎಣಿಕೆ ತಪ್ಪೀತೆಂದು 39ಕ್ಕೆ ನಿಲ್ಲಿಸುತ್ತಿದ್ದರು. ಇದು ಸಭಾಮಂದಿರದ ಶಿಸ್ತಿನ ಶಿಕ್ಷೆ, ತಮ್ಮವರಿಗೆ ಕೊಡುವಂಥದ್ದು. ನಾನು ನಿಮ್ಮವನಲ್ಲ ಎಂದು ಹೊರಗೆ ನಡೆದುಬಿಟ್ಟಿದ್ದರೆ ಆತನಿಗೆ ಆ ಏಟುಗಳು ತಪ್ಪುತ್ತಿದ್ದವು. ಐದು ಸಲವೂ ಆತ ಬೆನ್ನು ಕೊಟ್ಟ. ತನ್ನವರ ನಡುವಿನ ತನ್ನ ಜಾಗವನ್ನು ಬಿಟ್ಟುಕೊಡಲು ಆತ ಸಿದ್ಧನಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇರೆ ಕಾಣಲಿಲ್ಲ.

ಕ್ರಿ.ಶ. 57ರ ಸುಮಾರಿಗೆ ರೋಮಿನ ಸಭೆಗೆ ಬರೆದ ದೀರ್ಘ ಕಾಗದದಲ್ಲಿ ಪೌಲನ ಧ್ವನಿ ಬದಲಾಗಿದೆ. ಧರ್ಮಶಾಸ್ತ್ರ ಪವಿತ್ರವಾದದ್ದು ಎಂದು ಒಪ್ಪುತ್ತಾನೆ. ತನ್ನ ಜನ ತನ್ನ ಮಾತು ಕೇಳದ ದುಃಖಕ್ಕೆ, ಅವರಿಗೋಸ್ಕರ ತಾನೇ ಶಾಪಗ್ರಸ್ತನಾದರೂ ಆದೀತು ಎನ್ನುವಷ್ಟು ಕುದಿಯುತ್ತಾನೆ. ರೋಮಿನ ಅನ್ಯಜನರಲ್ಲಿ ಆಗಲೇ ಕೊಬ್ಬು ಕಾಣಿಸಿಕೊಂಡಿರಬೇಕು. ಅವರಿಗೊಂದು ಹೋಲಿಕೆ ಕೊಡುತ್ತಾನೆ: ಇಸ್ರಾಯೇಲ್ ನಾಟಿ ಎಣ್ಣೆಮರ, ನೀವು ಅದಕ್ಕೆ ಕಸಿ ಕಟ್ಟಿದ ಕಾಡು ಎಣ್ಣೆಮರದ ಕೊಂಬೆ. ಬೇರು ನಿಮ್ಮನ್ನು ಹೊತ್ತಿದೆಯೇ ಹೊರತು ನೀವು ಬೇರನ್ನು ಹೊತ್ತಿಲ್ಲ. ಬೀಗಬೇಡಿ.

ಈ ಕಾಗದ ಬರೆದು ಆತ ಹೊರಟದ್ದು ಯೆರೂಸಲೇಮಿಗೆ. ಕೈಯಲ್ಲಿ ಹಣ. ಬಡವರನ್ನು ಮರೆಯಬೇಡ ಎಂದು ಹಿರಿಯರು ಕೇಳಿದ್ದನ್ನು ಆತ ವರ್ಷಾನುಗಟ್ಟಲೆ ಮನಸ್ಸಿನಲ್ಲಿಟ್ಟು, ಮಕೆದೋನ್ಯ, ಗ್ರೀಸ್ ಕಡೆಯ ಅನ್ಯಜನರಿಂದ ಯೆರೂಸಲೇಮಿನ ಬಡವರಿಗಾಗಿ ವಂತಿಗೆ ಎತ್ತಿದ್ದ. ಎರಡು ಪಂಕ್ತಿಗಳ ನಡುವೆ ತಾನು ಹಾಕಬಹುದಾದ ಸೇತುವೆ ಅದೊಂದೇ ಎಂದು ಆತ ನಂಬಿದ್ದಂತಿದೆ. ಅಲ್ಲಿ ಅಪಾಯ ಕಾದಿದೆ ಎಂಬುದು ಆತನಿಗೆ ಗೊತ್ತಿತ್ತು. ಕಾಣಿಕೆಯನ್ನು ಅವರು ಸ್ವೀಕರಿಸುವಂತೆ ಪ್ರಾರ್ಥಿಸಿ ಎಂದು ರೋಮಿನವರನ್ನು ಕೇಳಿಕೊಂಡಿದ್ದ.

ಯೆರೂಸಲೇಮಿನಲ್ಲಿ ಯಾಕೋಬ ಆತನನ್ನು ಬರಮಾಡಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದ. ಇಲ್ಲಿ ಸಾವಿರಾರು ಯೆಹೂದಿಗಳು ನಂಬಿದ್ದಾರೆ, ಎಲ್ಲರೂ ಧರ್ಮಶಾಸ್ತ್ರದ ಅಭಿಮಾನಿಗಳು. ಹೊರನಾಡ ಯೆಹೂದಿಗಳಿಗೆ ಮೋಶೆಯನ್ನು ಬಿಡಿ, ಮಕ್ಕಳಿಗೆ ಸುನ್ನತಿ ಮಾಡಿಸಬೇಡಿ ಎಂದು ನೀನು ಕಲಿಸುತ್ತೀ ಎಂಬ ಸುದ್ದಿ ಇವರ ಕಿವಿಗೆ ಬಿದ್ದಿದೆ. ಸುದ್ದಿ ಸುಳ್ಳೆಂದು ತೋರಿಸಲು ಒಂದು ಕೆಲಸ ಮಾಡು. ಹರಕೆ ಹೊತ್ತ ನಾಲ್ವರು ಇದ್ದಾರೆ. ಅವರ ಜೊತೆ ದೇವಾಲಯಕ್ಕೆ ಹೋಗಿ ಶುದ್ಧಿ ಮಾಡಿಕೋ, ಅವರ ಖರ್ಚನ್ನೂ ನೀನೇ ಕೊಡು. ಪೌಲ ಮರುಮಾತಾಡದೆ ಒಪ್ಪಿದ. ಮರುದಿನವೇ ಶುದ್ಧಿಗೆ ನಿಂತ.

ವಿಧಿ ಮುಗಿಯಲು ಬಂದಿತ್ತು. ಏಷ್ಯಾ ಪ್ರಾಂತದಿಂದ ಬಂದಿದ್ದ ಯೆಹೂದಿಗಳು ಆತನನ್ನು ದೇವಾಲಯದಲ್ಲಿ ಗುರುತು ಹಿಡಿದರು. ಎಫೆಸದ ತ್ರೊಫಿಮನೆಂಬ ಗ್ರೀಕನ ಜೊತೆ ಆತನನ್ನು ಊರಲ್ಲಿ ಕಂಡಿದ್ದರು. ಅವನನ್ನು ಒಳಗೂ ಕರೆತಂದಿದ್ದಾನೆಂದು ಊಹಿಸಿ ಕೂಗೆಬ್ಬಿಸಿದರು. ಅನ್ಯಜನರು ಒಂದು ಗಡಿ ದಾಟಿ ದೇವಾಲಯದ ಒಳಗೆ ಬರುವಂತಿರಲಿಲ್ಲ, ಬಂದರೆ ಸಾವಿಗೆ ತಾವೇ ಹೊಣೆ ಎಂದು ಗ್ರೀಕಿನಲ್ಲಿ ಕಲ್ಲಿನ ಮೇಲೆ ಕೆತ್ತಿ ನಿಲ್ಲಿಸಿದ್ದರು. ಅಂಥ ಒಂದು ಕಲ್ಲು 1871ರಲ್ಲಿ ಸಿಕ್ಕಿ ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಜನ ಪೌಲನನ್ನು ಹೊರಗೆಳೆದು ಹೊಡೆದರು, ಬಾಗಿಲು ಮುಚ್ಚಿಕೊಂಡವು. ರೋಮನ್ ಸೈನಿಕರು ಓಡಿಬಂದು ಆತನನ್ನು ಜೀವಂತ ಬಿಡಿಸಿಕೊಂಡು, ಸರಪಳಿ ಹಾಕಿ ಒಯ್ದರು.

ಧರ್ಮಶಾಸ್ತ್ರದ ವೈರಿ ಎಂದು ಹೆಸರಾದ ಮನುಷ್ಯ ಸಿಕ್ಕಿಬಿದ್ದದ್ದು ಧರ್ಮಶಾಸ್ತ್ರದ ಒಂದು ವಿಧಿಯನ್ನು ಸ್ವಂತ ಖರ್ಚಿನಲ್ಲಿ ನೆರವೇರಿಸುತ್ತಿರುವಾಗ. ಆಮೇಲೆ ಆತ ಸ್ವತಂತ್ರನಾಗಿ ಓಡಾಡಿದ ದಿನಗಳು ಇದ್ದವೋ ಇಲ್ಲವೋ ಎಂಬುದೇ ಚರ್ಚೆಯ ವಿಷಯ. ಕೈಸರಿಯದಲ್ಲಿ ಎರಡು ವರ್ಷ ಸೆರೆ. ರೋಮನ್ ಪೌರನ ಹಕ್ಕಿನಿಂದ ಚಕ್ರವರ್ತಿಯ ನ್ಯಾಯಪೀಠಕ್ಕೆ ಮೊರೆಯಿಟ್ಟ. 276 ಜನರಿದ್ದ ಹಡಗು ಮಾಲ್ಟಾ ದ್ವೀಪದ ಹತ್ತಿರ ಒಡೆಯಿತು, ಎಲ್ಲರೂ ಬದುಕಿದರು. ರೋಮಿನಲ್ಲಿ ಬಾಡಿಗೆ ಮನೆಯಲ್ಲಿ ಕಾವಲಿನೊಂದಿಗೆ ಎರಡು ವರ್ಷ ಇದ್ದ ಎನ್ನುವಲ್ಲಿಗೆ ಕೃತ್ಯಗಳ ಪುಸ್ತಕ ನಿಲ್ಲುತ್ತದೆ. ನೀರೋ ಚಕ್ರವರ್ತಿಯ ಕಾಲದಲ್ಲಿ, 60ರ ದಶಕದ ನಡುವೆ, ತಲೆ ಕಡಿಸಿದರೆಂಬುದು ಹಳೆಯ ಸಂಪ್ರದಾಯ. ಸಮಾಧಿ ಎನ್ನುವ ಸ್ಥಳದ ಮೇಲೆ ರೋಮಿನ ಕೋಟೆಗೋಡೆಯ ಆಚೆ ಆತನ ಹೆಸರಿನ ದೊಡ್ಡ ಚರ್ಚ್ ಇದೆ.

ಕ್ರಿ.ಶ. 70ರಲ್ಲಿ ರೋಮನ್ ಸೇನೆ ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿತು. ಯೆರೂಸಲೇಮಿನ ಹಳೆಯ ಸಭೆಯ ವರ್ಚಸ್ಸು ಕುಂದಿತು. ಹೊರಗಿನಿಂದ ಬಂದು ಜಾಗ ಕೇಳಿದವರೇ ಕ್ರಮೇಣ ಮನೆಯ ಯಜಮಾನರಾದರು. ಆಗ ಪ್ರಶ್ನೆ ತಿರುಗಿಬಿತ್ತು. ಸುನ್ನತಿಯಿಲ್ಲದೆ ಒಳಗೆ ಬರಬಹುದೇ ಎಂಬುದು ಹೋಗಿ, ಶಾಸ್ತ್ರ ಪಾಲಿಸುವವರು ಒಳಗೆ ಇರಬಹುದೇ ಎಂದಾಯಿತು. ಮುಂದೆ 386-387ರಲ್ಲಿ, ಅದೇ ಅಂತಿಯೋಕ್ಯದಲ್ಲಿ ಕ್ರಿಸೊಸ್ತೊಮ ಎಂದು ಹೆಸರಾದ ಯೋಹಾನ ಎಂಬ ಪ್ರಸಿದ್ಧ ಉಪದೇಶಕ ಯೆಹೂದಿಗಳ ವಿರುದ್ಧ ಕಟುವಾದ ಪ್ರವಚನಗಳನ್ನು ಮಾಡಿದ. ಕಾರಣ, ಅವನ ಸಭೆಯ ಸಾಮಾನ್ಯ ಕ್ರೈಸ್ತರು ಇನ್ನೂ ಯೆಹೂದಿಗಳ ಹಬ್ಬಕ್ಕೆ, ಉಪವಾಸಕ್ಕೆ ಹೋಗಿ ಅವರೊಂದಿಗೆ ಕೂರುತ್ತಿದ್ದರು. ಜನ ಕೂರುತ್ತಿದ್ದರು, ದೊಡ್ಡವರು ಎಬ್ಬಿಸುತ್ತಿದ್ದರು. ಆ ಪ್ರವಚನಗಳನ್ನು ಮುಂದಿನ ಶತಮಾನಗಳ ಯೆಹೂದಿ ದ್ವೇಷ ಚೆನ್ನಾಗಿ ಬಳಸಿಕೊಂಡಿತು. ಪೌಲನ ಕಾಗದಗಳನ್ನೂ ಬಿಡಲಿಲ್ಲ. ಕಸಿ ಕೊಂಬೆಗೆ ಬೀಗಬೇಡ ಎಂದ ಆತನ ಮಾತನ್ನು ಕೊಂಬೆ ಮರೆಯಿತು. ಕ್ಯಾಥೊಲಿಕ್ ಚರ್ಚು ಆ ಎಣ್ಣೆಮರವನ್ನು ಅಧಿಕೃತವಾಗಿ ನೆನೆದು, ಯೆಹೂದಿಗಳನ್ನು ದೇವರು ತಿರಸ್ಕರಿಸಿದವರೆಂದು ಕಲಿಸಬಾರದು ಎಂದದ್ದು 1965ರಲ್ಲಿ, ಎರಡನೆಯ ವ್ಯಾಟಿಕನ್ ಪರಿಷತ್ತಿನಲ್ಲಿ.

ಎಲ್ಲ ಕ್ರೈಸ್ತರೂ ಒಂದೇ ತೀರ್ಮಾನಕ್ಕೆ ಬಂದಿಲ್ಲ ಎಂಬುದನ್ನೂ ಹೇಳಬೇಕು. ಇಥಿಯೋಪಿಯಾದ ಪುರಾತನ ಚರ್ಚಿನವರು ಇಂದಿಗೂ ಗಂಡುಮಕ್ಕಳಿಗೆ ಸುನ್ನತಿ ಮಾಡಿಸುತ್ತಾರೆ, ಹಂದಿಮಾಂಸ ತಿನ್ನುವುದಿಲ್ಲ, ಭಾನುವಾರದ ಜೊತೆ ಶನಿವಾರಕ್ಕೂ ಗೌರವ ಕೊಡುತ್ತಾರೆ. ವಸಯಿಯ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ತನ್ನ ಡಬ್ಬಿಯ ಕಡೆ ನೋಡಿ, ತಾನು ಇಥಿಯೋಪಿಯಾದಲ್ಲಿ ಹುಟ್ಟದ್ದು ಪುಣ್ಯ ಎಂದ.

ಯೆಹೂದಿ ಗೆಳೆಯ ಈಗ ಪುಣೆಯಲ್ಲಿಲ್ಲ. ಅವನ ಅಕ್ಕ, ಭಾವ ಮೊದಲೇ ಇಸ್ರೇಲಿಗೆ ಹೋಗಿದ್ದರು, ಅವನೂ ಮೂರು ವರ್ಷದ ಹಿಂದೆ ಹೊರಟ. ಹೊರಡುವ ವಾರ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಅಪ್ಪ ತೀರಿಕೊಂಡಿದ್ದರು. ಅವ್ವ ನಮ್ಮ ಜೊತೆಗೇ ಇದ್ದಳು, ಅವಳೇ ಹೋಳಿಗೆ ಬಡಿಸಿದಳು. ಅವಳು ಒಳಗೆ ಹೋದಾಗ ಗೃಹಪ್ರವೇಶದ ವಿಷಯ ಎತ್ತಿದೆ. ಶನಿವಾರದ ನೂಕುನುಗ್ಗಲು ನೆಪ, ನಿಮ್ಮಿಬ್ಬರನ್ನು ಬೇಕೆಂದೇ ಭಾನುವಾರಕ್ಕೆ ಹಾಕಿದ್ದೆ ಎಂದು ಒಪ್ಪಿಕೊಂಡೆ.

ತನಗೆ ಅಂದೇ ಗೊತ್ತಾಗಿತ್ತು ಎಂದ. ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಬಾಡಿತ್ತಂತೆ. ವಸಯಿಯವನೂ ಅದನ್ನು ನೋಡಿದ್ದನಂತೆ. ಇಬ್ಬರೂ ಲಿಫ್ಟಿನಲ್ಲಿ ಇಳಿಯುವಾಗ ಆ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಸೋಮವಾರ ಎಂದಿನಂತೆ ಡಬ್ಬಿ ಹಿಡಿದು ನಮ್ಮ ಟೇಬಲ್ಲಿಗೇ ಬಂದು ಕೂತಿದ್ದರು.